ಉಳಿದ ಹನ್ನೊಂದು ಮೊಳ

ಅಂಬಾರಾಯನ ಕಣ್ಣು ಹೋದದ್ದು ೧೯೩೮ರ ಬೇಸಿಗೆಯಲ್ಲಿ, ಶಾಂತಲಿಂಗಪ್ಪ ಗೌಡನ ಹೊಲದ ಬಾವಿಯೊಳಗೆ. ಆಗ ಅವನಿಗೆ ಮೂವತ್ತೆರಡು ವರ್ಷ. ಆಳಂದ ತಾಲೂಕಿನ ನಿಂಬರ್ಗಾ, ಮಟಕಿ ಸುತ್ತಿನ ಹಳ್ಳಿಗಳಲ್ಲಿ ಅದುವರೆಗೆ ಹದಿನೇಳು ಬಾವಿ ತೋಡಿದ್ದ. ಎರೆಮಣ್ಣು ಎಷ್ಟು ಮೊಳ ಇದೆ, ಅದರ ಕೆಳಗೆ ಕಲ್ಲು ಬೆರೆತ ಗರಸು ಎಷ್ಟು, ಕರಿಕಲ್ಲು ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದು ಹೇಳಿಬಿಡುತ್ತಿದ್ದ. ತಪ್ಪಿದರೆ ಒಂದು ಮೊಳ ಆಚೀಚೆ, ಅಷ್ಟೆ. ಅವನು ಕೆಳಗೆ ಅಗೆಯುತ್ತಿದ್ದರೆ ಹೆಂಡತಿ ಸಾಬವ್ವ, ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ದ್ರೌಪದಿ ಮೇಲೆ ನಿಂತು ಮಣ್ಣಿನ ಬುಟ್ಟಿ ಜಗ್ಗುತ್ತಿದ್ದರು.

ಕರಿಕಲ್ಲು ಹತ್ತಿದರೆ ಗುದ್ದಲಿಯಿಂದ ಆಗುವುದಿಲ್ಲ. ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಬೇಕು. ಅದಕ್ಕೆ ಸುರಂಗ ಹಾರಿಸುವುದು ಎನ್ನುತ್ತಾರೆ. ಆ ಕೆಲಸ ಆಳಂದದ ಇಸ್ಮಾಯಿಲನದು. ಅವತ್ತು ಇಸ್ಮಾಯಿಲ ನಾಲ್ಕು ಸುರಂಗಕ್ಕೆ ಬತ್ತಿ ಹಚ್ಚಿದ್ದ. ಮೂರು ಹಾರಿದವು. ಒಂದು ಹಾರಲಿಲ್ಲ.

"ಇವತ್ತ ಯಾರೂ ಇಳೀಬ್ಯಾಡ್ರಿ" ಅಂದ ಇಸ್ಮಾಯಿಲ. "ಮದ್ದ ಸುಳ್ಳ ಹೇಳ್ತದ. ನಾಳಿ ಮುಂಜಾನಿ ನೋಡಮು."

ಶಾಂತಲಿಂಗಪ್ಪ ಗೌಡ ಬಾವಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದ. ಮರುದಿನ ಮಠದ ಸ್ವಾಮಿಗಳನ್ನು ಗಂಗಾಪೂಜೆಗೆ ಕರೆದಿದ್ದ. "ನಾಳಿ ಸ್ವಾಮಿಗೋಳು ಬರ್ತಾರ. ನೀರಿಲ್ಲದ ತೆಗ್ಗಿಗಿ ಏನ ಪೂಜಿ ಮಾಡಸಲಿ? ಅಂಬ್ಯಾ, ಇಳದ ನೋಡ."

ಇಸ್ಮಾಯಿಲ ಇನ್ನೊಮ್ಮೆ ಬೇಡ ಅಂದ. ಅಂಬಾರಾಯ ಹಗ್ಗ ಹಿಡಿದು ಇಳಿದ. ಕಲ್ಲಿನ ಹತ್ತಿರ ಮಂಡಿಯೂರಿ ಬಗ್ಗಿದ್ದಾಗ ನಾಲ್ಕನೆಯ ಸುರಂಗ ಹಾರಿತು. ಅದೇ ಹೊಡೆತಕ್ಕೆ ಕಲ್ಲು ಸೀಳಿ, ಪಡುವಣ ಮಗ್ಗುಲಿನಿಂದ ತೋಳಿನಷ್ಟು ದಪ್ಪದ ಸೆಲೆ ಬಿತ್ತು. ಮೇಲೆ ಎಳೆದುಕೊಂಡಾಗ ಅವನ ಮೈಮೇಲೆ ನೀರು ಯಾವುದು, ರಕ್ತ ಯಾವುದು ಎಂದು ಸಾಬವ್ವನಿಗೆ ತಿಳಿಯಲಿಲ್ಲ.

ಎತ್ತಿನ ಗಾಡಿಯಲ್ಲಿ ಕಲಬುರಗಿಯ ದವಾಖಾನೆಗೆ ಒಯ್ದರು. ಡಾಕ್ಟರು ಮುಖದೊಳಗೆ ಹೊಕ್ಕಿದ್ದ ಕಲ್ಲಿನ ಚೂರುಗಳನ್ನು ಒಂದೊಂದಾಗಿ ತೆಗೆದರು. ಇಪ್ಪತ್ತು ದಿನದ ಮೇಲೆ ಪಟ್ಟಿ ಬಿಚ್ಚಿ, ಜೀವ ಉಳಿದಿದೆ, ಕಣ್ಣು ಉಳಿದಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು. ಅಷ್ಟರಲ್ಲಿ ಊರಲ್ಲಿ ಗಂಗಾಪೂಜೆ ಮುಗಿದು, ಹೊಸ ಬಾವಿಗೆ ಕಟ್ಟೆಯೂ ಆಗಿತ್ತು.

ಮಳೆಗಾಲ ಪೂರ್ತಿ ಅಂಬಾರಾಯ ಗೋಡೆಗೆ ಮುಖ ಮಾಡಿ ಮಲಗಿದ. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಕಾರಣ ತಂದರು. ದೇವಿಗೆ ಕೋಳಿ ಕೊಡದೆ ಇಳಿದಿದ್ದಕ್ಕೆ ಹೀಗಾಯಿತು ಎಂದು ಒಬ್ಬಳು. ಹಿಂದಿನ ಜನ್ಮದ್ದು ಎಂದು ಇನ್ನೊಬ್ಬ. ಒಂದು ದಿನ ರೊಟ್ಟಿಯ ತಾಟನ್ನು ಎತ್ತಿ ಒಗೆದ. ಸಾಬವ್ವ ರೊಟ್ಟಿ ಎತ್ತಿಕೊಂಡು, ಮಣ್ಣು ಜಾಡಿಸಿ, ತಾನೇ ತಿಂದಳು. ಸಂಜೆ ಅವಳು ಚಿಮಣಿ ಹಚ್ಚಲು ಹೋದರೆ "ಯಾಕ ಎಣ್ಣಿ ಸುಡ್ತಿ? ನನಗೇನ ಕಾಣಸ್ತದ?" ಅಂದ.

"ನನಗ ಕಾಣಸ್ತದ" ಅಂದು ಅವಳು ದೀಪ ಹಚ್ಚಿದಳು.

ಶ್ರಾವಣದಲ್ಲಿ ಗೌಡ ತನ್ನ ಆಳಿನ ಕೈಯಲ್ಲಿ ಒಂದು ಹೊಸ ಧೋತರ, ಒಂದು ಹಿತ್ತಾಳೆ ಬಟ್ಟಲು ಕಳಿಸಿದ. ಆಳಂದದ ದರ್ಗಾದ ಬಾಗಿಲಲ್ಲಿ ಕೂಡ್ರಿಸಿದರೆ ಹೊಟ್ಟೆಗೆ ಕಮ್ಮಿಯಾಗುವುದಿಲ್ಲ, ಅಲ್ಲಿ ಎಲ್ಲ ಜಾತಿಯವರೂ ಹಾಕುತ್ತಾರೆ ಎಂದು ಹೇಳಿ ಕಳಿಸಿದ್ದ. ಅಂಬಾರಾಯ ಎದ್ದು ಕುಳಿತು ಬಟ್ಟಲನ್ನು ಕೈಯಲ್ಲಿ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿದ.

"ಧೋತರ ಇರಲಿ. ಬಟ್ಟಲ ತಿರಗಿ ಒಯ್ಯಿ" ಅಂದ. "ನನಗ ಅದರ ಕೆಲಸ ಬರಂಗಿಲ್ಲ."

ಅಷ್ಟು ಅಂದವನು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಬೇಡ ಎನ್ನುವುದು ತಿಳಿದಿತ್ತು. ಬೇಕು ಎನ್ನುವುದು ಏನು ಎಂಬುದು ಆಗ ಅವನಿಗೂ ತಿಳಿದಿರಲಿಲ್ಲ.

ಆ ವರ್ಷ ಹಿಂಗಾರಿ ಕೈಕೊಟ್ಟಿತು. ಊರ ಹೊರಗಿದ್ದ ಅಂಬಾರಾಯನ ಕೇರಿಯವರು ನೀರು ತರುತ್ತಿದ್ದದ್ದು ಹಳ್ಳದ ಮರಳಿನಲ್ಲಿ ತೋಡಿದ ವರತಿಯಿಂದ. ಅದು ಕಾರ್ತಿಕದಲ್ಲೇ ಬತ್ತಿತು. ಇನ್ನು ಗೌಡನ ಹೊಸ ಬಾವಿಯೇ ಗತಿ. ಕೇರಿಯ ಹೆಂಗಸರು ಕಟ್ಟೆ ಹತ್ತುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ನಿಲ್ಲಬೇಕು. ಊರಿನ ಹೆಂಗಸರು ತಮ್ಮದು ತುಂಬಿಕೊಂಡು, ಮನಸ್ಸಾದರೆ ಮೇಲಿನಿಂದ ಒಂದಿಷ್ಟು ಸುರಿಯುತ್ತಿದ್ದರು. ಒಂದು ದಿನ ಸಾಬವ್ವ ಬೆಳಿಗ್ಗೆ ಹೋದವಳು ಮಧ್ಯಾಹ್ನ ಅರ್ಧ ಕೊಡ ಹೊತ್ತು ಬಂದಳು.

"ನೀರ ಎಷ್ಟ ಆಳಕ್ಕ ಅದ?" ಅಂತ ಅಂಬಾರಾಯ ಕೇಳಿದ. ತಿಂಗಳುಗಳ ಮೇಲೆ ಅವನು ತಾನಾಗಿ ಕೇಳಿದ ಮೊದಲ ಮಾತು ಅದು.

"ಯಾವ ನೀರ?"

"ಆ ಬಾವಿದು. ಕಟ್ಟಿಯಿಂದ ಬಗ್ಗಿದ್ರ ಎಷ್ಟ ಕೆಳಗ ಕಾಣಸ್ತದ?"

"ನಾ ಏನ ನೋಡೀನಿ? ಕಟ್ಟಿ ಹತ್ತಸಗೊಡ್ತಾರೇನು?"

"ಒಮ್ಮಿನೂ ನೋಡಿಲ್ಲ?"

"ಇಲ್ಲ."

"ನೀ ಮಣ್ಣ ಜಗ್ಗಿದ ಬಾವಿ ಅದು."

"ಇಲ್ಲಂದ್ನಲ್ಲ."

ಅಂಬಾರಾಯ ಎದ್ದು ಅವಳ ಕಡೆ ತಿರುಗಿ ಕುಳಿತ. ಆಮೇಲೆ ಅಂದ: "ನಿನಗ ಎರಡ ಕಣ್ಣ ಅವ. ಬಾವಿಯಾಗ ನಿಂತ ಆ ನೀರ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಹಂಗಾದರ ನಾ ಕಳಕೊಂಡದ್ದು ನಾ ಅನ್ಕೊಂಡಷ್ಟಿಲ್ಲ."

ಮರುದಿನ ಬೆಳಿಗ್ಗೆ ಅವನು ಹಾರೆ ಕೇಳಿದ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಸಾಬವ್ವ ತಂದು ಕೈಗೆ ಕೊಟ್ಟಳು.

ಕೇರಿಯ ಹಿಂದೆ ಒಂದು ದಿನ್ನೆ ಇತ್ತು. ಊರ ಚಾಕರಿಗಾಗಿ ಯಾವ ಕಾಲದಲ್ಲೋ ಕೇರಿಗೆ ಬಿಟ್ಟುಕೊಟ್ಟ ಅರ್ಧ ಎಕರೆ. ಏನೂ ಬೆಳೆಯುವುದಿಲ್ಲವೆಂದೇ ಕೊಟ್ಟದ್ದು. ಅಂಬಾರಾಯ ಸಾಬವ್ವನ ಹೆಗಲ ಮೇಲೆ ಕೈಯಿಟ್ಟು ಅದರ ಮೇಲೆ ಮೂರು ದಿನ ಓಡಾಡಿದ. ಅಲ್ಲಲ್ಲಿ ಹಾರೆಯಿಂದ ಕುಟ್ಟಿ ಸದ್ದು ಕೇಳಿದ. ಮಣ್ಣು ಹಿಂಡಿ ನೋಡಿದ, ನಾಲಿಗೆಗೆ ಹಚ್ಚಿದ. ಕೊನೆಗೆ ಒಂದು ಕಡೆ ಹಾರೆ ಊರಿ, "ಇಲ್ಲಿ" ಅಂದ.

ಕೇರಿಯ ಹಿರಿಯ ಮಹಾದೇವಪ್ಪ ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂಡಿಸಿದ. ಸಿಟ್ಟಿಗಿಂತ ಹೆದರಿಕೆಯೇ ಅವನ ಮಾತಿನಲ್ಲಿತ್ತು. "ತಮ್ಮಾ, ನಿನ್ನ ಸಂಕಟ ನಮಗ ಗೊತ್ತದ. ಆದರ ಗೌಡಗ ಗೊತ್ತಾದ್ರ ನಾಳಿಂದ ಯಾರಿಗೂ ಕೂಲಿ ಇಲ್ಲ. ಕಣ್ಣ ಹೋದವ ನೀ ಒಬ್ಬ. ಹೊಟ್ಟಿ ಎಲ್ಲರದೂ ಅವ."

"ಮುತ್ಯಾ, ಒಂದ ಕೇಳ್ತೇನಿ" ಅಂದ ಅಂಬಾರಾಯ. "ಕಣ್ಣ ಹೋಗೋ ಹಿಂದಿನ ದಿವಸ ನಾ ಹ್ಯಾಂಗಿದ್ದೆ? ಹದಿನೇಳ ಬಾವಿ ತೋಡೀನಿ. ಒಂದ ಬಾವಿಯಾಗೂ ನನ್ನ ಕೈಲೆ ಒಂದ ಕೊಡ ಸೇದಿಲ್ಲ. ಅವಾಗ ನೀವ ಯಾರೂ ಬಂದು, ಅಯ್ಯೋ ಅಂಬಾರಾಯ, ನಿಂಗ ಹಿಂಗಾಯ್ತಲ್ಲ ಅಂದಿಲ್ಲ. ಕಣ್ಣ ಹೋಗಿದ್ದಕ್ಕ ಅಂದ್ರಿ. ಎರಡರಾಗ ಯಾವುದು ದೊಡ್ಡದು? ಕಣ್ಣ ಹೋಗಿದ್ದಕ್ಕ ಮದ್ದಿಲ್ಲ, ದವಾಖಾನ್ಯಾಗ ಹೇಳ್ಯಾರ. ಇನ್ನೊಂದಕ್ಕ ಮದ್ದ ಅದ. ಇಪ್ಪತ್ತ ಮೊಳ ಕೆಳಗ ಅದ. ನೀವ ಬರ್ರಿ, ಬಿಡ್ರಿ. ನಾ ನಾಳಿ ಕೆಲಸಕ್ಕ ಹತ್ತೇನಿ."

ದ್ರೌಪದಿ ಎದ್ದು ಸೆರಗು ಸಿಕ್ಕಿಸಿಕೊಂಡು, "ನನಗ ಗೌಡ ಕೂಲಿ ಕೊಟ್ಟರೂ ಅಷ್ಟ, ಬಿಟ್ಟರೂ ಅಷ್ಟ" ಅಂದಳು. ಅವಳನ್ನು ಬಿಟ್ಟರೆ ಮತ್ತಾರೂ ಏಳಲಿಲ್ಲ.

ಮೂವರೇ ಶುರುಮಾಡಿದರು. ಗುಂಡಗೆ ತೋಡುವುದಕ್ಕೆ ಅಂಬಾರಾಯ ನಡುವೆ ಒಂದು ಗೂಟ ಹೊಡೆದು, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಮುಟ್ಟುವಲ್ಲಿಯವರೆಗೆ ಅಗೆಯುತ್ತ ಸುತ್ತು ಬರುತ್ತಿದ್ದ. ಮೊದಲ ವಾರ ಕೈ ತಪ್ಪುತ್ತಿತ್ತು. ಹಾರೆ ಕಾಲಿಗೆ ಬಿದ್ದು ಹೆಬ್ಬೆರಳಿನ ಉಗುರು ಹೋಯಿತು. ಒಮ್ಮೆ ತುಂಬಿದ ಬುಟ್ಟಿಯನ್ನು ಹಗ್ಗಕ್ಕೆ ಸರಿಯಾಗಿ ಕಟ್ಟದೆ, ಅರ್ಧ ದಾರಿಯಲ್ಲಿ ಅದು ಅವನ ಹೆಗಲ ಮೇಲೇ ಬಿತ್ತು. ಅವತ್ತು ಸಾಬವ್ವ ಅತ್ತಳು. ಅವನು ಹೆಗಲು ತಿಕ್ಕಿಕೊಂಡು, ಗಂಟನ್ನು ಹತ್ತು ಸಲ ಬಿಚ್ಚಿ ಹತ್ತು ಸಲ ಕಟ್ಟಿದ. ಐದು ಮೊಳ ಇಳಿದ ಮೇಲೆ ಕೈಗೆ ಹದ ಸಿಕ್ಕಿತು. ಅಷ್ಟು ಕೆಳಗೆ ಕಣ್ಣಿದ್ದಾಗಲೂ ಅವನು ಕೈಯನ್ನೇ ಹೆಚ್ಚು ನಂಬುತ್ತಿದ್ದ.

ಮಹಾದೇವಪ್ಪ ಹೇಳಿದಂತೆಯೇ ಆಯಿತು. ಹತ್ತನೆಯ ದಿನಕ್ಕೆ ಗೌಡ ಕೇರಿಯ ಕೂಲಿ ನಿಲ್ಲಿಸಿದ. ಜನ ಕಡಗಂಚಿಯವರೆಗೆ ನಡೆದು ಹೋಗಿ ಕೆಲಸ ಹುಡುಕಿದರು. ಸಂಜೆ ದಣಿದು ಬಂದವರು ದಿನ್ನೆಯ ಕಡೆ ನೋಡಿ ಬೈಯುತ್ತಿದ್ದರು. ಅಂಬಾರಾಯ ಕೇಳಿಸಿಕೊಳ್ಳುತ್ತಿದ್ದ. ಅವರ ಸಿಟ್ಟು ಸುಳ್ಳಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಎದುರಾಡಲಿಲ್ಲ. ಕೆಲಸ ಬಿಡಲೂ ಇಲ್ಲ.

ಹದಿನಾಲ್ಕು ಮೊಳ ಆಗಿತ್ತು. ಒಂದು ಬೆಳಿಗ್ಗೆ ಸಾಬವ್ವ ದಿನ್ನೆ ಹತ್ತಿ ನೋಡುತ್ತಾಳೆ, ಅಂಚಿನಲ್ಲಿ ರಾಶಿ ಹಾಕಿದ್ದ ಗರಸೆಲ್ಲ ಬಾವಿಯೊಳಗಿತ್ತು. ಬುಟ್ಟಿ ಜಗ್ಗುವ ಗಡಗಡೆ ಕಟ್ಟಿದ್ದ ಕಂಬಗಳನ್ನೂ ಮುರಿದು ಒಳಗೆ ನೂಕಿದ್ದರು. ಯಾರು ಮಾಡಿದರೆಂದು ಯಾರೂ ನೋಡಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಸಾಬವ್ವ ಅಲ್ಲೇ ಕುಸಿದು ಕುಳಿತಳು. ಸುದ್ದಿ ಕೇಳಿ ಕೇರಿಯವರು ಒಬ್ಬೊಬ್ಬರಾಗಿ ಬಂದು ನಿಂತರು. "ಮುಗೀತ" ಅಂತ ಯಾರೋ ಅಂದರು. ಅಂಬಾರಾಯ ಹಗ್ಗವನ್ನು ಒಂದು ಬಂಡೆಗೆ ಕಟ್ಟಿಸಿ ಇಳಿದ. ಕಾಲು ತಾಗುವವರೆಗೆ ಹಗ್ಗದ ಮೇಲೆ ಕೈ ಅಳೆಯುತ್ತ ಹೋದ. ಆಮೇಲೆ ಕೆಳಗಿನಿಂದ ಅವನ ದನಿ ಬಂತು.

"ಮೂರ ಮೊಳ ತುಂಬ್ಯಾರ, ಸಾಬವ್ವ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೇಳಸ್ತೇನು? ಮೂರ ಮೊಳ ಅಷ್ಟ. ಹನ್ನೊಂದ ಉಳದದ. ತುಂಬಿದ್ದೂ ಸಡ್ಲ ಮಣ್ಣ, ಹಾರಿ ಬೇಕಾಗಿಲ್ಲ, ಸಲಿಕಿಲೆ ಎತ್ತಬಹುದು. ಬುಟ್ಟಿ ಬಿಡ."

ಸಾಬವ್ವ ಏಳುವ ಮೊದಲೇ ಮಹಾದೇವಪ್ಪ ಬುಟ್ಟಿಗೆ ಕೈ ಹಾಕಿದ. ತನ್ನ ರುಮಾಲನ್ನು ಸೊಂಟಕ್ಕೆ ಬಿಗಿದುಕೊಂಡು ಹಗ್ಗ ಹಿಡಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲಿ ಹದಿನೈದು ಜನ ಇದ್ದರು. ತಿಂಗಳಿನಿಂದ ಬೈದವರೂ ಅದರಲ್ಲಿದ್ದರು. ಬಾವಿ ಬರಿ ಅಂಬಾರಾಯನ ಹಟ ಎಂದುಕೊಂಡಿದ್ದವರಿಗೆ, ಅದನ್ನು ತುಂಬಿದ ಮೇಲೆ ಅದು ತಮ್ಮದೂ ಅನ್ನಿಸಿತ್ತು. ಮೂರು ಮೊಳ ಎರಡೇ ದಿನದಲ್ಲಿ ಖಾಲಿಯಾಯಿತು.

ನಾಲ್ಕನೆಯ ದಿನ ಶಾಂತಲಿಂಗಪ್ಪ ಗೌಡ ತಾನೇ ಬಂದ. ಜೊತೆಗೆ ಕೋಲು ಹಿಡಿದ ಇಬ್ಬರು ಆಳುಗಳು. ಮೇಲಿದ್ದವರೆಲ್ಲ ಹಗ್ಗ ಬಿಟ್ಟು, ರುಮಾಲು ತೆಗೆದು, ದೂರ ಸರಿದು ನಿಂತರು. ಗೌಡ ಬಾವಿಯ ಅಂಚಿಗೆ ಬಂದು ಬಗ್ಗಿದ.

"ಲೇ ಅಂಬ್ಯಾ, ಯಾರನ್ನ ಕೇಳಿ ತೋಡಾಕತ್ತಿ?"

ಕೆಳಗೆ ಹಾರೆಯ ಸದ್ದು ನಿಂತಿತು. "ಯಾರ್ರಿ ಮ್ಯಾಲ?"

"ನನ್ನ ದನಿ ಗುರ್ತ ಸಿಗಲಿಲ್ಲೇನು?"

"ಬಾವಿಯೊಳಗ ಎಲ್ಲಾರ ದನಿ ಒಂದೇ ಥರ ಕೇಳಸ್ತದ್ರಿ. ಕಂಡಿದ್ರ ರುಮಾಲ ತೆಗೀತಿದ್ದೆ."

"ನಾ ಗೌಡ."

"ಶರಣ್ರಿ ಧಣಿ. ಸ್ವಲ್ಪ ಹಿಂದಕ ನಿಂದರ್ರಿ. ಅಂಚ ಸಡ್ಲ ಅದ."

ಗೌಡ ಎರಡು ಹೆಜ್ಜೆ ಹಿಂದೆ ಸರಿದ. ಸರಿದದ್ದನ್ನು ಕೇರಿಯವರೆಲ್ಲ ನೋಡಿದರು. ಅದು ಅವನಿಗೂ ತಿಳಿದು ದನಿ ಏರಿತು. "ಇಲ್ಲಿ ತೋಡಿ ನನ್ನ ಬಾವಿ ಸೆಲಿ ಈ ಕಡಿ ಜಗ್ಗಕೊಂಡ್ರ ಕೇಳವ್ರು ಯಾರು? ಕೆಲಸ ನಿಂದ್ರಸಿ ಮ್ಯಾಲ ಬಾ."

"ನಿಮ್ಮ ಸೆಲಿ ಪಡುವಣ ಕಡಿಯಿಂದ ಬಂದದ್ರಿ. ಈ ದಿನ್ನಿ ಮೂಡಲಕ್ಕ ಅದ. ಎರಡಕ್ಕೂ ಸಂಬಂಧ ಇಲ್ಲ."

"ನಿನಗ ಹ್ಯಾಂಗ ಗೊತ್ತು?"

"ಅದು ತೆರದಾಗ ನಾ ಅಲ್ಲೇ ಇದ್ದೆ ಧಣಿ. ನಾ ಕಟ್ಟಕಡಿಗಿ ನೋಡಿದ್ದು ಅದನ್ನೇ."

ಆಳುಗಳು ಗೌಡನ ಮುಖ ನೋಡಿದರು. ಅಂಬಾರಾಯ ಅದೇ ಸಮಾಧಾನದ ದನಿಯಲ್ಲಿ ಮುಂದುವರಿಸಿದ: "ಇಳದದ್ದು ನಾ. ನೀವ ಹೇಳಿದ್ರಿ, ಇಸ್ಮಾಯಿಲ ಬ್ಯಾಡಂದ, ನಾ ಇಳದೆ. ಅದನ್ನ ನಿಮ್ಮ ತಲಿಗಿ ಕಟ್ಟಾಕ ಬಂದಿಲ್ಲ. ಆದರ ಈ ಹೊಲ ಕೇರಿದು. ಇಲ್ಲಿ ಇಳೀಬ್ಯಾಡ ಅನ್ನೋ ಹಕ್ಕ ನಿಮಗಿಲ್ರಿ. ನಾ ಮ್ಯಾಲ ಬರಂಗಿಲ್ಲ. ಇನ್ನೂ ಮಾತದಂದ್ರ ಹಗ್ಗ ಅದ, ಇಳದ ಬರ್ರಿ. ಕೂತು ಮಾತಾಡಮು."

ಹಾರೆಯ ಸದ್ದು ಮತ್ತೆ ಶುರುವಾಯಿತು. ಗೌಡ ಕೇರಿಯವರ ಕಡೆ ತಿರುಗಿ, ಕೊಯ್ಲಿಗೂ ತನ್ನ ಹೊಲಕ್ಕೆ ಯಾರೂ ಕಾಲಿಡಬಾರದು ಅಂದ. ದ್ರೌಪದಿ ಎಲ್ಲರಿಗೂ ಕೇಳುವಂತೆ ಅಂದಳು: "ತೊಗರಿ ಕೊಯ್ಯಾಕ ಬಂದದ್ರಿ ಧಣಿ. ಒಂದ ವಾರ ಬಿಟ್ರ ಸಿಡದ ಉದರ್ತದ. ನಿಮ್ಮ ಆಳಗೋಳಿಗಿ ಕುಡಗೋಲ ಹಿಡ್ಯಾಕ ಕಲಸ್ರಿ."

ಗೌಡ ಹೋದ. ಕೋಲು ಹಿಡಿದವರು ಅವನ ಹಿಂದೆ ಹೋದರು. ಅವರು ಮರೆಯಾದ ಮೇಲೆ ಮಹಾದೇವಪ್ಪ ರುಮಾಲು ಸುತ್ತಿಕೊಂಡು ಮತ್ತೆ ಹಗ್ಗ ಹಿಡಿದ. ಎಂಟನೆಯ ದಿನ ಗೌಡನ ಮನೆಯಿಂದ ಕೊಯ್ಲಿಗೆ ಕರೆ ಬಂತು. ತೊಗರಿ ಯಾರಿಗಾಗಿಯೂ ಕಾಯುವುದಿಲ್ಲ.

ಹದಿನೆಂಟು ಮೊಳಕ್ಕೆ ಕರಿಕಲ್ಲು ಹತ್ತಿತು. ಸಾಬವ್ವ ಆಳಂದಕ್ಕೆ ನಡೆದು ಹೋಗಿ ಇಸ್ಮಾಯಿಲನನ್ನು ಹುಡುಕಿದಳು. ಅವನು ಮದ್ದಿನ ಕೆಲಸ ಬಿಟ್ಟು ಸುಣ್ಣದ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದ. ಅಂದಿನಿಂದ ಒಮ್ಮೆಯೂ ಅಂಬಾರಾಯನ ಮುಖ ನೋಡಲು ಬಂದಿರಲಿಲ್ಲ. ಅವಳ ಹಿಂದೆ ಬಂದನೇನೋ ನಿಜ, ಆದರೆ ದಿನ್ನೆಯ ಕೆಳಗೆ ನಿಂತುಬಿಟ್ಟ.

"ಇಸ್ಮಾಯಿಲ ಮಾಮಾ, ಬಂದೀ?" ಅಂದ ಅಂಬಾರಾಯ. "ಸುಣ್ಣದ ವಾಸನಿ ಬರಾಕತ್ತದ."

"ನನ್ನ ಕೈಲೆ ಆಗಂಗಿಲ್ಲ ತಮ್ಮಾ. ಇನ್ನ ಮದ್ದ ಮುಟ್ಟಂಗಿಲ್ಲಂತ ಕಸಮ್ ತಗೊಂಡೀನಿ. ನನ್ನ ಮದ್ದೇ ನಿನ್ನ ಕಣ್ಣ ತಿಂತು."

"ನೀ ಬ್ಯಾಡಂದಿದ್ದಿ. ನಾನೇ ಕೇಳಲಿಲ್ಲ. ಅವತ್ತ ಅಲ್ಲಿದ್ದವರೊಳಗ ಖರೇ ಮಾತ ಹೇಳಿದವ ನೀ ಒಬ್ಬ. ನೀ ಯಾಕ ತಲಿ ಕೆಳಗ ಹಾಕ್ಕೊಂಡ ತಿರಗ್ತಿ? ಇಪ್ಪತ್ತ ವರ್ಷದ ಕಸಬ ಒಂದ ದಿವಸಕ್ಕ ಸುಳ್ಳಾಯ್ತೇನು?"

ಇಸ್ಮಾಯಿಲ ಹೆಗಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ತೂತ ಯಾರ ಕೊರೀತಾರ?" ಅಂತ ಕೇಳಿದ.

"ಉಳಿ ನಾ ಹಿಡೀತೇನಿ. ಸುತ್ತಗಿ ಇವರು ಹೊಡೀತಾರ."

ಸುತ್ತಿಗೆ ಹಿಡಿದ ಹುಡುಗರು ಹಿಂಜರಿದರು. ಏಟು ತಪ್ಪಿದರೆ ಅಂಬಾರಾಯನ ಕೈ ಪುಡಿಯಾಗುತ್ತಿತ್ತು. "ನನ್ನ ಕೈ ನೋಡಬ್ಯಾಡ್ರಿ, ಉಳಿ ತಲಿ ನೋಡ್ರಿ" ಅಂದ ಅವನು. ಐದು ದಿನದಲ್ಲಿ ಮೂರು ತೂತು ಕೊರೆದರು. ಇಸ್ಮಾಯಿಲ ಮದ್ದು ತುಂಬಿ, ಎಲ್ಲರನ್ನೂ ದಿನ್ನೆಯಿಂದ ಕೆಳಗಿಳಿಸಿ, ಬತ್ತಿ ಹಚ್ಚಿ ಓಡಿ ಬಂದು, ಅಂಬಾರಾಯನ ಪಕ್ಕದಲ್ಲಿ ಕುಳಿತು ಅವನ ಮುಂಗೈ ಹಿಡಿದುಕೊಂಡ. ಇಬ್ಬರೂ ಎಣಿಸಿದರು. ಮೂರೂ ಹಾರಿದವು. ಮೂರನೆಯದಕ್ಕೆ ಸಾಬವ್ವ ಕಿವಿ ಮುಚ್ಚಿಕೊಂಡಳು. ಅಂಬಾರಾಯ ಕೈ ಬಿಡಿಸಿಕೊಳ್ಳಲಿಲ್ಲ.

ನೀರು ಚಿಮ್ಮಲಿಲ್ಲ. ಕಲ್ಲಿನ ಸೀಳುಗಳಲ್ಲಿ ಪಸೆ ಮಾತ್ರ ಕಾಣಿಸಿತು. ಕೇರಿಯವರ ಮುಖ ಸಪ್ಪಗಾಯಿತು. ಚೂರು ಕಲ್ಲೆಲ್ಲ ಎತ್ತಿ ಹಾಕಿ, ಮರುದಿನ ಬೆಳಿಗ್ಗೆ ಅಂಬಾರಾಯ ಇಳಿದಾಗ ನೀರು ಅವನ ಮೊಣಕಾಲಿಗೆ ಬಂತು. ಅವನು ಕೊಡ ಬಿಡಲು ಹಗ್ಗ ಅಲ್ಲಾಡಿಸಿದ. ಸೇದುವಾಗ ಯಾರನ್ನೂ ಹತ್ತಿರ ಬರಗೊಡದೆ ಸಾಬವ್ವ ಒಬ್ಬಳೇ ಸೇದಿದಳು. ಅಂಚಿಗೆ ಕಾಲು ಕೊಟ್ಟು ನಿಂತು, ಹಗ್ಗ ಒಂದೊಂದು ಹಿಡಿ ಮೇಲೆ ಬಂದ ಹಾಗೆ ಕೆಳಗೆ ಬಗ್ಗಿ ಬಗ್ಗಿ ನೋಡಿದಳು.

ದ್ರೌಪದಿ ಒಂದು ಬೊಗಸೆ ಕುಡಿದು ಮುಖ ಕಿವುಚಿದಳು. "ಸವಳ ಅದಲ್ಲೋ."

"ಬ್ಯಾಳಿಗಿ ಉಪ್ಪ ಕಮ್ಮಿ ಹಾಕ್ರಿ" ಅಂತ ಬಾವಿಯೊಳಗಿನಿಂದ ಉತ್ತರ ಬಂತು. ಆ ಮಾತಿಗೆ ಮಹಾದೇವಪ್ಪ ನಗಲು ಹೋಗಿ ಅತ್ತುಬಿಟ್ಟ.

ಮುಂದಿನ ಬೇಸಿಗೆಯಲ್ಲಿ ಆ ನೀರೂ ತಳ ಕಂಡಿತು. ಅಂಬಾರಾಯ ಮತ್ತೆ ಇಳಿದು ನಾಲ್ಕು ಮೊಳ ತೋಡಿದ. ಆಮೇಲೆ ಅದು ಬತ್ತಲಿಲ್ಲ. ಸವಳು ಪೂರ್ತಿ ಹೋಗಲೂ ಇಲ್ಲ.

ಎರಡು ವರ್ಷ ಕಳೆದು ಕಡಗಂಚಿಯ ಕೇರಿಯಿಂದ ಜಗದೇವಪ್ಪ ಎಂಬುವನು ಅವರ ಮನೆ ಹುಡುಕಿಕೊಂಡು ಬಂದ. ಅಂಬಾರಾಯ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಬಂದವನು ಅವನ ಮುಖ ನೋಡಿ ತಡವರಿಸಿದ.

"ಕಣ್ಣಿಲ್ಲದವ್ರು ಬಾವಿ ತೋಡ್ತಾರಂತ ಕೇಳಿದ್ದೆ. ನಂಬಿಕಿ ಬರಲಿಲ್ರಿ."

"ನಂಬಿಕಿ ಆಮ್ಯಾಲ ಬರ್ತದ. ಕೂಡ್ರಿ. ಹೊಲ ಯಾರ ಹೆಸರಲೆ ಅದ?"

"ಕೇರಿದೇ ಅದ್ರಿ."

"ಎರಿನೋ, ಗರಸೋ?"

"ಮ್ಯಾಲ ಎರಿ, ಕೆಳಗ ಏನದ ಗೊತ್ತಿಲ್ರಿ."

"ನಿಮ್ಮೂರ ಗೌಡ ಏನಂತಾನ?"

ಜಗದೇವಪ್ಪ "ಬ್ಯಾಡಂತಾನ್ರಿ" ಅಂದ.

ಅಂಬಾರಾಯ ಹೊಸೆದ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ನೋಡಿ, ಒಳಗಿದ್ದ ಹೆಂಡತಿಗೆ ಕೇಳುವಂತೆ ಅಂದ: "ಸಾಬವ್ವ, ರೊಟ್ಟಿ ಕಟ್ಟ. ನಾಳಿ ಕಡಗಂಚಿಗಿ ಹೊಂಟೀವಿ."